ಆಂಟಿಗಾದ ನೆಲ್ಸನ್ಸ್ ಡಾಕ್‌ಯಾರ್ಡ್: ಕ್ರೂಸ್ ಹಡಗು ನಿಲ್ಲುವ ಒಂದೇ ದಿನದಲ್ಲಿ ಏನು ನೋಡೋದು, ಏನು ಬಿಡೋದು?

ಪಯಣಿಗ_42

ಜನವರಿಯ ಒಂದು ಮಂಗಳವಾರ ನಮ್ಮ ಕ್ರೂಸ್ ಹಡಗು ಕೆರಿಬಿಯನ್ ದ್ವೀಪ ಆಂಟಿಗಾದ ಸೇಂಟ್ ಜಾನ್ಸ್ ಬಂದರಿಗೆ ಬೆಳಗ್ಗೆ 8ಕ್ಕೆ ಬರುತ್ತೆ. ಸಂಜೆ ನಾಲ್ಕೂವರೆಯೊಳಗೆ ವಾಪಸ್ ಹತ್ತಿರಬೇಕು. ಬೀಚು, ಶಾಪಿಂಗು ಯಾವುದೂ ಬೇಡ, ಇಂಗ್ಲಿಷ್ ಹಾರ್ಬರ್‌ನಲ್ಲಿರೋ ನೆಲ್ಸನ್ಸ್ ಡಾಕ್‌ಯಾರ್ಡ್, ಅಂದರೆ ಬ್ರಿಟಿಷ್ ನೌಕಾದಳದ ಹಳೇ ಹಡಗು ರಿಪೇರಿ ಜಾಗ, ಒಂದೇ ಗುರಿ. ನಾಲ್ಕು ಜನ, ಅದರಲ್ಲಿ ಇಬ್ಬರು ಎಪ್ಪತ್ತರ ಹತ್ತಿರದವರು, ಇಬ್ಬರಿಗೂ ಮಂಡಿನೋವು.

ಬಸ್ಸಲ್ಲಿ ಹೋಗಬಹುದಾ ಅಥವಾ ಟ್ಯಾಕ್ಸಿಯೇ ಗತಿಯಾ? ಒಳಗೆ ಯಾವ ಕಡೆಯಿಂದ ಶುರು ಮಾಡಬೇಕು? ಫೋಟೋಗಳಲ್ಲಿ ನೋಡಿದರೆ ಹೋಟೆಲ್ಲು, ಅಂಗಡಿ, ವಿಹಾರ ನೌಕೆಗಳೇ ಕಾಣಿಸ್ತಾವೆ. "ಹಳೇ ಕಟ್ಟಡಗಳು ಚೆನ್ನಾಗಿವೆ" ಅನ್ನೋದಕ್ಕಿಂತ ಜಾಸ್ತಿ ಏನಾದ್ರೂ ಅರ್ಥವಾಗಬೇಕು ಅಂದ್ರೆ ಯಾವುದನ್ನ ಗಮನಿಸಬೇಕು? ಪಕ್ಕದ ಗುಡ್ಡದ ಮೇಲಿನ ಶರ್ಲಿ ಹೈಟ್ಸ್ ಕೂಡ ಅದೇ ದಿನ ಸೇರಿಸಬಹುದಾ?

ಹಾಯಿಪಟ

ಸಮಯ ಧಾರಾಳವಾಗಿದೆ. ಸೇಂಟ್ ಜಾನ್ಸ್ ದ್ವೀಪದ ವಾಯವ್ಯಕ್ಕೆ, ಇಂಗ್ಲಿಷ್ ಹಾರ್ಬರ್ ದಕ್ಷಿಣ ತುದಿಗೆ. ದ್ವೀಪ ಪೂರ್ತಿ ದಾಟಬೇಕು ಅಂದರೂ ವಾಹನದಲ್ಲಿ ಮುಕ್ಕಾಲು ಗಂಟೆ ಇಟ್ಟುಕೊಂಡರೆ ಸಾಕು. ಸಾರಿಗೆಯ ವಿಚಾರ ಬೇರೆಯವರು ಬರೆಯಲಿ, ನಾನು "ಏನು ಗಮನಿಸಬೇಕು" ಅನ್ನೋದಕ್ಕೆ ಉತ್ತರ ಕೊಡ್ತೀನಿ.

ಕಟ್ಟಡ ಕಟ್ಟಡವಾಗಿ ನೋಡಬೇಡಿ. ಅದು ಒಂದು ರಿಪೇರಿ ಶೆಡ್ಡು. ಒಂದು ಹಾಯಿಹಡಗು ತಳ ಕೆಟ್ಟು ಒಳಗೆ ಬಂತು ಅಂದುಕೊಳ್ಳಿ, ಅದಕ್ಕೆ ಏನೇನು ಮಾಡುತ್ತಿದ್ದರೋ ಆ ಕ್ರಮದಲ್ಲಿ ನಡೆದು ನೋಡಿ. ಆಗ ಪ್ರತಿ ಗೋಡೆಯೂ ತಾನು ಯಾಕೆ ಅಲ್ಲಿದ್ದೇನೆ ಅಂತ ಹೇಳುತ್ತೆ.

ಮೊದಲ ಪ್ರಶ್ನೆ, ಡಾಕ್‌ಯಾರ್ಡ್ ಅಂತಾರೆ, ಡ್ರೈ ಡಾಕ್, ಅಂದರೆ ನೀರು ತೆಗೆದು ಹಡಗನ್ನು ಒಣ ನೆಲದ ಮೇಲೆ ನಿಲ್ಲಿಸೋ ತೊಟ್ಟಿ, ಎಲ್ಲಿ? ಇಲ್ಲ, ಇರಲೂ ಇಲ್ಲ. ಇಂಗ್ಲೆಂಡಿನ ಬಂದರುಗಳಲ್ಲಿ ಸಮುದ್ರದ ಉಬ್ಬರ ಇಳಿತ ಹಲವು ಮೀಟರ್. ಉಬ್ಬರದಲ್ಲಿ ಹಡಗನ್ನು ಒಳಗೆ ತಂದು, ಇಳಿತದಲ್ಲಿ ನೀರು ಹೊರಬಿಟ್ಟು ಬಾಗಿಲು ಹಾಕಿದರೆ ಕೆಲಸದ ಬಹುಪಾಲು ಸಮುದ್ರವೇ ಮಾಡಿಕೊಡುತ್ತೆ. ಇಲ್ಲಿ ಏರಿಳಿತ ಒಂದು ಅಡಿ ಆಸುಪಾಸು ಅಷ್ಟೇ. ಹಾಗಾಗಿ ನೀರನ್ನು ತೆಗೆಯೋ ಬದಲು ಪಟದ ಕಂಬಕ್ಕೆ ಹಗ್ಗ ಹಾಕಿ ಎಳೆದು, ಹಡಗನ್ನೇ ನೀರಿನ ಮೇಲೆ ಪಕ್ಕಕ್ಕೆ ವಾಲಿಸಿ ಮಲಗಿಸುತ್ತಿದ್ದರು. ಅದಕ್ಕೆ ಕರೀನಿಂಗ್ ಅಂತ ಹೆಸರು. ನೀರಿನಂಚಿನಲ್ಲಿ ನಿಂತಿರೋ ಮೂರು ಕ್ಯಾಪ್‌ಸ್ಟನ್‌ಗಳು, ಅಂದರೆ ಹಗ್ಗ ಸುತ್ತೋ ನಿಂತ ರಾಟೆಗಳು, ಈ ಕೆಲಸಕ್ಕಾಗಿಯೇ ಇದ್ದವು. ಇಡೀ ಯಾರ್ಡಿನ ಜೀವ ಇರೋದು ಅಲ್ಲಿ. ಮಿಕ್ಕ ಕಟ್ಟಡಗಳೆಲ್ಲ ಅವಕ್ಕೆ ಸಾಮಾನು ಒದಗಿಸೋಕೆ ಇದ್ದವು.

ವಾಲಿಸುವ ಮುಂಚೆ ಹಡಗನ್ನು ಖಾಲಿ ಮಾಡಬೇಕು. ತೋಪು, ಗುಂಡು, ಮದ್ದು, ನೀರಿನ ಪೀಪಾಯಿ, ತಳದಲ್ಲಿದ್ದ ಅಡಿಭಾರದ ಕಲ್ಲು ಕಬ್ಬಿಣ ಎಲ್ಲವೂ ದಡಕ್ಕೆ. ಪಟದ ಕಂಬದ ಮೇಲಿನ ತುಂಡುಗಳು ಕೆಳಕ್ಕೆ. ಯಾರ್ಡಲ್ಲಿ ಅಷ್ಟೊಂದು ಉಗ್ರಾಣ ಯಾಕೆ ಅನ್ನೋದಕ್ಕೆ ಅರ್ಧ ಉತ್ತರ ಇದು. ಹಡಗಿನ ಹೊಟ್ಟೆಯೊಳಗೆ ಇದ್ದದ್ದನ್ನೆಲ್ಲ ಬಿಸಿಲು ಮಳೆ ತಾಗದ ಹಾಗೆ ವಾರಗಟ್ಟಲೆ ಇಡಬೇಕಿತ್ತು. ಸಿಬ್ಬಂದಿಯೂ ದಡಕ್ಕೆ ಬರಬೇಕು, ಅಡುಗೆಯೂ ದಡದಲ್ಲೇ. ಅದಕ್ಕೆ ನಾವಿಕರ ಅಡುಗೆಮನೆ ಅಂತ ಒಂದು ಪ್ರತ್ಯೇಕ ಕಟ್ಟಡ ಇದೆ.

ಆಮೇಲೆ ಹಾಯಿಗಳು. ಪ್ರವೇಶದ್ವಾರ ದಾಟಿದ ಮೇಲೆ ಎಡಗಡೆ ಅಡ್ಮಿರಲ್ಸ್ ಇನ್ ಹೋಟೆಲಿನ ಪಕ್ಕ ದಪ್ಪ ದಪ್ಪ ಕಲ್ಲಿನ ಕಂಬಗಳು ಸುಮ್ಮನೆ ನಿಂತಿವೆ, ಮೇಲೆ ಏನೂ ಇಲ್ಲ. ಎಲ್ಲರೂ ಅಲ್ಲಿ ಫೋಟೋ ತೆಗೆಸಿಕೊಂಡು ಮುಂದೆ ಹೋಗ್ತಾರೆ, ಅದು ಏನಂತ ಕೇಳೋದಿಲ್ಲ. ಕೆಳಗೆ ದೋಣಿಮನೆ, ಮೇಲಿನ ಮಾಳಿಗೆಯಲ್ಲಿ ಹಾಯಿ ಹೊಲಿಯುವ ಹಾಲ್. ಕಂಬಗಳ ನಡುವೆ ನೀರು ಒಳಕ್ಕೆ ಬರುವ ಹಾಗೆ ಕಾಲುವೆ. ದೋಣಿ ನೇರ ಕಟ್ಟಡದ ಅಡಿಗೆ ಬಂದರೆ ಒದ್ದೆ ಹಾಯಿಯನ್ನು ಮೇಲಕ್ಕೆ ಎತ್ತಿಕೊಳ್ಳುತ್ತಿದ್ದರು. ಒಂದು ದೊಡ್ಡ ಹಾಯಿಯನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತೋ ಕಷ್ಟ ತಪ್ಪಿತು. 1871ರ ಚಂಡಮಾರುತ ಚಾವಣಿ ಹಾರಿಸಿಕೊಂಡು ಹೋಯಿತು, ಕಂಬ ಉಳಿಯಿತು. ಆ ಕಂಬಗಳು ಯಾಕಷ್ಟು ದಪ್ಪ ಅಂತ ಮಂದಿ ಬೆರಗಾಗ್ತಾರೆ. ಕಂಬ ಅಡ್ಡ ಬಾರದ ವಿಶಾಲ ನೆಲ ಮೇಲೆ ಬೇಕಿತ್ತು, ಹಾಯಿಬಟ್ಟೆ ಪೂರ್ತಿ ಹಾಸೋದಕ್ಕೆ. ಆ ಭಾರವೆಲ್ಲ ಕೆಳಗಿನ ಇವುಗಳ ಮೇಲೇ ಬೀಳುತ್ತಿತ್ತು.

ಪಕ್ಕದ ಅಡ್ಮಿರಲ್ಸ್ ಇನ್ 1788ರ ಇಟ್ಟಿಗೆ ಕಟ್ಟಡ. ಕೆಳಗೆ ರಾಳ, ಕೀಲೆಣ್ಣೆ, ಸೀಸ ಇಡುತ್ತಿದ್ದರು, ಮೇಲೆ ಎಂಜಿನಿಯರುಗಳ ಕಚೇರಿ. ಹಡಗಿನ ಹಲಗೆಗಳ ಸಂದಿಗೆ ಹಳೇ ಹಗ್ಗ ಬಿಡಿಸಿದ ನಾರನ್ನು ಉಳಿ ಸುತ್ತಿಗೆಯಿಂದ ತುರುಕಿ, ಮೇಲೆ ಬಿಸಿ ರಾಳ ಸುರಿಯುತ್ತಿದ್ದರು. ರಾಳ ಕಾಯಿಸುವಾಗ ಉಕ್ಕಿದರೆ ಬೆಂಕಿ. ಉಗ್ರಾಣ ಇಟ್ಟಿಗೆಯದ್ದಾಗಿ, ಅಂಚಿನಲ್ಲಿ ಪ್ರತ್ಯೇಕವಾಗಿ ಇರೋದನ್ನ ಈ ಲೆಕ್ಕದಲ್ಲಿ ನೋಡಿ.

ಗರಗಸದ ಗುಂಡಿಯ ಶೆಡ್ಡು ಯಾರ್ಡಿನ ಹಳೆಯ ಕಟ್ಟಡಗಳಲ್ಲಿ ಒಂದು, ಚಿಕ್ಕದು, ಕಣ್ಣು ತಪ್ಪಿಸುತ್ತೆ. ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಇಟ್ಟು ಒಬ್ಬ ಮೇಲೆ, ಒಬ್ಬ ಗುಂಡಿಯೊಳಗೆ ನಿಂತು ಉದ್ದ ಗರಗಸ ಎಳೆಯೋದು. ಗೆರೆ ಹಿಡಿಯೋನು ಮೇಲಿನವನು. ಕೆಳಗಿನವನ ಪಾಲಿಗೆ ಮೂಗು ಬಾಯಿ ತುಂಬ ಪುಡಿ.

ಕೊನೆಗೆ ತಾಮ್ರ. ಈಗ ಹೋಟೆಲ್ ಆಗಿರೋ ಕಾಪರ್ ಆಂಡ್ ಲಂಬರ್ ಸ್ಟೋರ್ 1789ರದ್ದು. ಕೆರಿಬಿಯನ್ನಿನ ಬೆಚ್ಚಗಿನ ನೀರಲ್ಲಿ ಹಡಗುಹುಳು ಮರದೊಳಗೆ ಹೊಕ್ಕರೆ ಹೊರಗೆ ಸೂಜಿ ಚುಚ್ಚಿದಷ್ಟು ತೂತು, ಒಳಗೆ ಜೇನುಗೂಡು. ಮೇಲೆ ಪಾಚಿ, ಚಿಪ್ಪು ಬೆಳೆದು ವೇಗ ಕುಗ್ಗುತ್ತೆ. ಸುಮಾರು 1780ರ ಹೊತ್ತಿಗೆ ಬ್ರಿಟಿಷ್ ನೌಕಾದಳ ಇಡೀ ಪಡೆಗೆ ತಾಮ್ರದ ಹೊದಿಕೆ ಹಾಕಲು ನಿಂತಿತು. ತಗಡು 4 ಅಡಿ ಉದ್ದ, 14 ಅಂಗುಲ ಅಗಲ, ಚದರ ಅಡಿಗೆ 22, 28, 32 ಔನ್ಸಿನ ಬೇರೆ ಬೇರೆ ದಪ್ಪ. ಹೆಚ್ಚು ಸವೆಯೋ ಮೂತಿಯ ಕಡೆ ದಪ್ಪನೆಯದು. ಆದರೆ ಒಂದು ಎಡವಟ್ಟಾಯಿತು. ಹಲಗೆ ಹಿಡಿದಿದ್ದ ಕಬ್ಬಿಣದ ಬೋಲ್ಟು, ಹೊರಗಿನ ತಾಮ್ರ, ನಡುವೆ ಉಪ್ಪುನೀರು ಸೇರಿದರೆ ಬ್ಯಾಟರಿಯೇ. ಕಬ್ಬಿಣ ಕರಗಿ, ಹೊರಗಿನಿಂದ ಥಳಥಳ ಕಾಣೋ ಹಡಗಿನ ಕೀಲು ಒಳಗೊಳಗೇ ಸಡಿಲ. ಕಬ್ಬಿಣ ಬಿಟ್ಟು ತಾಮ್ರದ ಮಿಶ್ರಲೋಹದ ಬೋಲ್ಟು ಹಾಕೋಕೆ ಶುರು ಮಾಡಿದ ಮೇಲೆಯೇ ಅದು ಬಗೆಹರಿದದ್ದು. ಆ ಉಗ್ರಾಣದ ಮುಂದೆ ಕಾಫಿ ಕುಡಿಯೋವಾಗ ಇದು ನೆನಪಿರಲಿ.

ಕೋಟೆಕೊತ್ತಲ

ಹಾಯಿಪಟ ಅವರ ವಿವರಣೆ ಸರಿ, ಆದರೆ ಆ ಕ್ರಮ ಮಂಡಿನೋವಿನವರಿಗೆ ಆಗಿಬರಲ್ಲ. ಬಿಸಿಲನ್ನು ಲೆಕ್ಕಕ್ಕೆ ತಗೊಂಡಿಲ್ಲ. ಯಾರ್ಡಿನೊಳಗೆ ಮರ, ವರಾಂಡ, ಮ್ಯೂಸಿಯಂ ಇವೆ, ಮಧ್ಯಾಹ್ನ 12ಕ್ಕೂ ಓಡಾಡಬಹುದು. ನೆರಳೇ ಇಲ್ಲದ್ದು ಫೋರ್ಟ್ ಬರ್ಕ್ಲಿ. ಅದನ್ನು ಮೊದಲು ಮುಗಿಸಿ.

ಕಾಪರ್ ಆಂಡ್ ಲಂಬರ್ ಸ್ಟೋರ್ ಬಳಿಯಿಂದ ಕಾಲುದಾರಿ. ಬಂದರಿನ ಬಾಯಿಗೆ ಚಾಚಿಕೊಂಡಿರೋ ಮೂತಿಯ ಮೇಲೆ ಹತ್ತು ಹದಿನೈದು ನಿಮಿಷದ ನಡಿಗೆ. ಏರು ಅಂತ ಹೇಳುವಷ್ಟು ಇಲ್ಲ, ಆದರೆ ಕಲ್ಲು ಸಮ ಇಲ್ಲ, ಅಲ್ಲಲ್ಲಿ ಮೆಟ್ಟಿಲು. ಮಂಡಿನೋವಿನವರು ಕೋಲು ಹಿಡಿದು ನಿಧಾನಕ್ಕೆ ಬರಬಹುದು. ಚಪ್ಪಲಿ ಬೇಡ, ಅಟ್ಟೆ ಜಾರದ ಶೂ ಇರಲಿ. 1704ರಲ್ಲಿ ಶುರುವಾದ ಕೋಟೆ, 1811ರ ಮದ್ದಿನ ಮನೆ ಇನ್ನೂ ಗಟ್ಟಿಯಾಗಿದೆ. ಅದರ ಗೋಡೆ ಎಷ್ಟು ದಪ್ಪ ನೋಡಿ. ಸಿಡಿದರೆ ಶಕ್ತಿ ಪಕ್ಕಕ್ಕೆ ಹೋಗಬಾರದು, ಮೇಲಕ್ಕೆ ಹೋಗಬೇಕು ಅನ್ನೋ ಲೆಕ್ಕಾಚಾರ.

ಅಲ್ಲಿ ನಿಂತು ಬಂದರಿನ ಬಾಯಿ ನೋಡಿದರೆ ಜಾಗ ಆರಿಸಿದ್ದು ಯಾಕೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಕಿರಿದಾದ ಬಾಯಿ, ಅದಕ್ಕೆ ಅಡ್ಡಲಾಗಿ ಸರಪಳಿ ತಡೆ ಎಳೆಯಬಹುದು. ಒಳಗೆ ದಾರಿ ತಿರುವು ತಗೊಳ್ಳುತ್ತೆ, ಹಾಗಾಗಿ ಹೊರಗಿನ ಅಲೆ ಒಳಗೆ ಬರಲ್ಲ, ಹೊರಗಿನವನಿಗೆ ಒಳಗಿರೋ ಹಡಗೂ ಕಾಣಲ್ಲ. 1723ರ ಚಂಡಮಾರುತದಲ್ಲಿ ದ್ವೀಪದ ಬೇರೆ ಬಂದರುಗಳಲ್ಲಿ 35 ಹಡಗುಗಳು ದಡಕ್ಕೆ ಅಪ್ಪಳಿಸಿದವು. ಇಲ್ಲಿ ಕಟ್ಟಿದ್ದ ಹೆಕ್ಟರ್, ವಿಂಚೆಲ್ಸಿ ಎಂಬ ಎರಡು ನೌಕಾದಳದ ಹಡಗುಗಳಿಗೆ ಏನೂ ಆಗಲಿಲ್ಲ. ಆ ದಶಕದಲ್ಲೇ ಪೂರ್ವ ದಡದಲ್ಲಿ ಯಾರ್ಡಿನ ಕೆಲಸ ಶುರುವಾಯಿತು. ಈಗ ನೀವು ನೋಡೋದು 1740ರ ದಶಕದಿಂದ ಬೆಳೆದ ಪಶ್ಚಿಮ ದಡ.

ಕೋಟೆಯಿಂದ ಪಿಜನ್ ಬೀಚ್ ಕಡೆಗೆ ಮಿಡ್ಲ್ ಗ್ರೌಂಡ್ ಗುಡ್ಡದ ಮೇಲೆ ಇನ್ನೊಂದು ದಾರಿ ಇದೆ. ಚೆನ್ನಾಗಿದೆ, ಆದರೆ ಕಡಿದು, ಮುಳ್ಳು ಕಳ್ಳಿ. ನಿಮಗೆ ಬೇಡ.

ಶರ್ಲಿ ಹೈಟ್ಸ್ ಖಂಡಿತ ಸೇರಿಸಿ, ಆದರೆ ವಾಹನದಲ್ಲಿ. ಗ್ಯಾಲಿಯನ್ ಬೀಚ್ ಕಡೆಯಿಂದ ಹತ್ತೋ ಲುಕ್‌ಔಟ್ ಟ್ರೇಲ್ ಮಂಡಿಗೆ ಶತ್ರು. ಮೇಲೆ ಸುಮಾರು 490 ಅಡಿ. ಲೀವರ್ಡ್ ದ್ವೀಪಗಳ ಗವರ್ನರ್ ಆಗಿದ್ದ ಸರ್ ಥಾಮಸ್ ಶರ್ಲಿ ಹೆಸರು ಅದಕ್ಕೆ. ಎಲ್ಲರೂ ಲುಕ್‌ಔಟ್ ಹೋಟೆಲಿನ ಕಟ್ಟೆ ಮೇಲೆ ನಿಂತು ಫೋಟೋ ತೆಗೆದು ಇಳಿದುಬಿಡ್ತಾರೆ. ಅದು 1791ರ ಕಾವಲುಮನೆ. ದಾರಿಯಲ್ಲೇ ಸೈನಿಕರ ಸ್ಮಶಾನ ಸಿಗುತ್ತೆ, 54ನೇ ರೆಜಿಮೆಂಟಿನವರ ನೆನಪಿಗೆ ನಿಲ್ಲಿಸಿದ ಕಲ್ಲುಕಂಬ ಅಲ್ಲಿದೆ. ಇಲ್ಲಿ ಸಿಪಾಯಿಗಳನ್ನು ಹೆಚ್ಚಾಗಿ ಕೊಂದದ್ದು ಫ್ರೆಂಚರಲ್ಲ, ಜ್ವರ. ಇನ್ನೂ ಮುಂದೆ ಬ್ಲಾಕ್‌ಹೌಸ್ ಕಡೆ ಜನ ಕಡಿಮೆ, ಪೂರ್ವದ ಸಮುದ್ರ ಪೂರ್ತಿ ಕಾಣುತ್ತೆ. ಹವೆ ತಿಳಿಯಾಗಿದ್ದರೆ ಮಾಂಟ್ಸೆರಾಟ್, ಗ್ವಾಡಲೂಪ್ ಎರಡೂ ಕಾಣುತ್ತವೆ.

ಭಾನುವಾರ ಸಂಜೆ 4ರಿಂದ ಅಲ್ಲಿ ಸ್ಟೀಲ್‌ಬ್ಯಾಂಡು, ಕತ್ತಲಾದ ಮೇಲೆ ರೆಗ್ಗೆ. ನಿಮ್ಮದು ಮಂಗಳವಾರ, ಹಾಗಾಗಿ ಆ ಗೋಜಿಲ್ಲ. ಯಾರ್ಡಿಗೆ ಕೊಂಡ ಟಿಕೆಟ್ಟನ್ನು ಬಿಸಾಡಬೇಡಿ, ರಾಷ್ಟ್ರೀಯ ಉದ್ಯಾನದ ಟಿಕೆಟ್ ಮೇಲಕ್ಕೂ ನಡೆಯುತ್ತೆ.

ಉಪ್ಪುಗಾಳಿ

ಸಾರಿಗೆ, ದುಡ್ಡು, ಮತ್ತೆ ಯಾರೂ ಹೇಳದ ಒಂದೆರಡು ವಿಷಯ.

ಬಸ್ ನಂಬರ್ 17. ಸೇಂಟ್ ಜಾನ್ಸ್‌ನ ಪಬ್ಲಿಕ್ ಮಾರ್ಕೆಟ್ ಹತ್ತಿರದ ವೆಸ್ಟ್ ಬಸ್ ಸ್ಟೇಷನ್ನಿಂದ ಹೊರಡುತ್ತೆ. ಕ್ರೂಸ್ ಹಡಗು ನಿಲ್ಲೋ ಹೆರಿಟೇಜ್ ಕೀ ಕಡೆಯಿಂದ ನಡೆದು ಹತ್ತು ಹದಿನೈದು ನಿಮಿಷ. ಬಸ್ ಅಂದ್ರೆ ಸಣ್ಣ ವ್ಯಾನು. ಟೈಮ್‌ಟೇಬಲ್ ನೋಡಿ ಹೊರಡಲ್ಲ, ತುಂಬಿದಾಗ ಹೊರಡುತ್ತೆ. ಬೆಳಗ್ಗೆ ಬೇಗ ತುಂಬುತ್ತೆ. ಮಧ್ಯಾಹ್ನ ವಾಪಸ್ ಬರೋವಾಗ ಎಷ್ಟು ಹೊತ್ತು ಕಾಯಬೇಕು ಅನ್ನೋದು ದೇವರಿಗೇ ಗೊತ್ತು. ಸಂಜೆ ಮತ್ತು ಭಾನುವಾರ ನೆಚ್ಚಿಕೊಳ್ಳಲೇಬೇಡಿ. ಬಸ್ಸು ಶರ್ಲಿ ಹೈಟ್ಸ್ ಮೇಲಕ್ಕೂ ಹೋಗಲ್ಲ. ನಾಲ್ಕು ಜನ ಇದ್ದೀರಿ, ಹಿರಿಯರಿದ್ದಾರೆ, ಹಡಗಿನ ಗಡುವಿದೆ, ಟ್ಯಾಕ್ಸಿಯೇ ಸರಿ. ತೀರ ಆಸೆ ಇದ್ರೆ ಹೋಗುವಾಗ ಬಸ್ಸು, ಬರುವಾಗ ಟ್ಯಾಕ್ಸಿ ಮಾಡಿ.

ಟ್ಯಾಕ್ಸಿಗೆ ಮೀಟರ್ ಇಲ್ಲ, ದರ ಸರ್ಕಾರ ಗೊತ್ತುಮಾಡಿದ್ದು. ಹತ್ತೋ ಮುಂಚೆ ಮೂರು ಪ್ರಶ್ನೆ ಕೇಳಿ. ಹೇಳಿದ ದರ ಅಮೆರಿಕನ್ ಡಾಲರಾ, ಈಸ್ಟ್ ಕೆರಿಬಿಯನ್ ಡಾಲರಾ? ಇಡೀ ಕಾರಿಗಾ, ತಲೆಗಾ? ಕಾಯೋ ಹೊತ್ತಿನ ದರ ಸೇರಿದೆಯಾ? ಮೊದಲನೇ ಪ್ರಶ್ನೆ ಕೇಳದೇ ಇದ್ದರೆ ಎರಡೂ ಮುಕ್ಕಾಲು ಪಟ್ಟು ವ್ಯತ್ಯಾಸ. 1976ರಿಂದ 1 ಅಮೆರಿಕನ್ ಡಾಲರಿಗೆ 2.70 ಈಸ್ಟ್ ಕೆರಿಬಿಯನ್ ಡಾಲರ್ ಅಂತ ಕಟ್ಟಿಹಾಕಿದ್ದಾರೆ, ಅದು ಏರಲ್ಲ ಇಳಿಯಲ್ಲ. ಅಮೆರಿಕನ್ ನೋಟು ಎಲ್ಲ ಕಡೆ ತಗೋತಾರೆ, ಚಿಲ್ಲರೆ ಮಾತ್ರ ಅಲ್ಲಿನದ್ದೇ ಕೊಡ್ತಾರೆ. ಆದ್ದರಿಂದ ಚಿಕ್ಕ ನೋಟು ಇಟ್ಟುಕೊಳ್ಳಿ.

ಕಾರು ಬಾಡಿಗೆ ಯೋಚನೆ ಇದ್ರೆ, ರಸ್ತೆ ಎಡಗಡೆ. ಸ್ಥಳೀಯ ತಾತ್ಕಾಲಿಕ ಪರವಾನಗಿ ಬೇಕು, ಬಾಡಿಗೆಯವರೇ ಮಾಡಿಸಿಕೊಡ್ತಾರೆ. ಒಂದು ದಿನಕ್ಕೆ ಆ ತಲೆನೋವು ಯಾಕೆ.

ಸೈನಿಕರ ಹಸಿರು ಮಚ್ಚೆ ಬಟ್ಟೆ ಹಾಕಬೇಡಿ. ಆಂಟಿಗಾದಲ್ಲಿ ನಾಗರಿಕರು ಅದನ್ನು ತೊಡೋದು ಕಾನೂನಿಗೆ ವಿರುದ್ಧ. ಟೋಪಿ, ಬ್ಯಾಗು, ಮಕ್ಕಳ ಚಡ್ಡಿ ಎಲ್ಲಕ್ಕೂ ಅನ್ವಯಿಸುತ್ತೆ ಅಂತಲೇ ಇಟ್ಟುಕೊಳ್ಳಿ.

ಕಡಲಂಚಿನ ದಾರಿಗಳಲ್ಲಿ ಮ್ಯಾಂಚಿನೀಲ್ ಅನ್ನೋ ಮರ ಇರಬಹುದು. ಪುಟ್ಟ ಹಸಿರು ಸೇಬಿನಂಥ ಕಾಯಿ, ಹೊಳೆಯೋ ಎಲೆ. ಹಾಲು ತಾಗಿದರೆ ಚರ್ಮ ಬೊಬ್ಬೆ ಬರುತ್ತೆ, ಕಾಯಿ ಕಚ್ಚಿದರೆ ಗಂಟಲು ಸುಟ್ಟುಹೋಗುತ್ತೆ. ಮಳೆ ಬಂತು ಅಂತ ಅದರ ಕೆಳಗೆ ನಿಂತರೆ ಎಲೆಯಿಂದ ತೊಟ್ಟಿಕ್ಕೋ ನೀರೂ ಸುಡುತ್ತೆ. ಗುರುತು ಗೊತ್ತಿಲ್ಲದ ಮರದ ಕೆಳಗೆ ಆಶ್ರಯ ಬೇಡ, ನೆನೆಯಿರಿ.

ಕೊನೆಯದು, ಊರಿನ ಹೆಸರನ್ನು ಅಲ್ಲಿಯವರು "ಆನ್‌ಟೀಗ" ಅಂತಾರೆ. "ಆಂಟಿಗುವಾ" ಅಂದ್ರೆ ಹೊಸಬರು ಅಂತ ಟ್ಯಾಕ್ಸಿಯವರಿಗೆ ತಕ್ಷಣ ಗೊತ್ತಾಗುತ್ತೆ.

ಪಯಣಿಗ_42

ಎಲ್ಲರಿಗೂ ಧನ್ಯವಾದ, ಇಷ್ಟು ನಿರೀಕ್ಷಿಸಿರಲಿಲ್ಲ. ಇನ್ನು ಮೂರು ಅನುಮಾನ.

ಹಾಯಿಪಟ ಅವರೇ, ಕೇವಲ ಮೂರು ರಾಟೆಯಿಂದ ಅಷ್ಟು ದೊಡ್ಡ ಹಡಗನ್ನು ಮಲಗಿಸಕ್ಕೆ ಹೇಗೆ ಸಾಧ್ಯ? ಪಟದ ಕಂಬ ಮುರಿಯಲ್ವಾ?

ಯಾರ್ಡಿಗೆ ಹೆಸರಾದ ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್ ಅಲ್ಲಿನ ಅಡ್ಮಿರಲ್ಸ್ ಹೌಸ್‌ನಲ್ಲೇ ಇದ್ದನಾ?

ಇಂಟರ್‌ನೆಟ್ಟಲ್ಲಿ ಎರಡು ಗಡಿಯಾರ ಗೋಪುರ ಇರೋ ಉದ್ದನೆಯ ಕಟ್ಟಡದ ಫೋಟೋ ಸಿಕ್ಕಿತು, ಅದು ಯಾರ್ಡಿನ ಯಾವ ಭಾಗದಲ್ಲಿದೆ?

ಹಾಯಿಪಟ

ಗಡಿಯಾರ ಗೋಪುರದ್ದು ಬರ್ಮುಡಾ. ಅದೂ ಬ್ರಿಟಿಷ್ ನೌಕಾದಳದ ಡಾಕ್‌ಯಾರ್ಡೇ, ಆದರೆ ಬರ್ಮುಡಾ ಇರೋದು ಅಟ್ಲಾಂಟಿಕ್ಕಿನಲ್ಲಿ, ಕೆರಿಬಿಯನ್ನಿನಲ್ಲಿ ಅಲ್ಲ. ಡ್ರೈ ಡಾಕ್ ಇಲ್ಲದ ಸಮಸ್ಯೆಗೆ ಅಲ್ಲಿನವರ ಪರಿಹಾರವೂ ಬೇರೆ. 1869ರಲ್ಲಿ ತೇಲುವ ಕಬ್ಬಿಣದ ಡಾಕನ್ನೇ ಇಂಗ್ಲೆಂಡಿನಿಂದ ಎಳೆದು ತಂದರು.

ಈಗ ರಾಟೆ. ಸನ್ನೆಯ ಲೆಕ್ಕ. ಕ್ಯಾಪ್‌ಸ್ಟನ್ನಿನ ದಿಂಡಿನ ತ್ರಿಜ್ಯ 1 ಅಡಿ, ಅದರ ತಲೆಗೆ ಸಿಕ್ಕಿಸೋ ಕೋಲು ನಡುವಿನಿಂದ 8 ಅಡಿ ಅಂತ ಇಟ್ಟುಕೊಳ್ಳಿ. ತಳ್ಳಿದ ಬಲ 8 ಪಟ್ಟಾಗುತ್ತೆ. 20 ಜನ ತಲಾ 20 ಕಿಲೋ ಬಲ ಹಾಕಿದರೆ 400, ಎಂಟರಿಂದ ಗುಣಿಸಿದರೆ 3,200 ಕಿಲೋ. ಆ ಹಗ್ಗ ನೇರ ಕಂಬಕ್ಕೆ ಹೋಗಲ್ಲ, ಹಲವು ಗಾಲಿಯ ರಾಟೆಜೋಡಿಯಲ್ಲಿ ಆರು ಸುತ್ತು ಹಾದರೆ ಮತ್ತೆ 6 ಪಟ್ಟು, 19 ಟನ್ ಹತ್ತಿರ. ಗಾಲಿಗಳ ತಿಕ್ಕಾಟಕ್ಕೆ ಅದರಲ್ಲಿ ಗಣನೀಯ ಪಾಲು ಹೋಗುತ್ತೆ, ಆದರೂ ಉಳಿದದ್ದು ಕಡಿಮೆಯೇನಲ್ಲ. ಕಂಬದ ಎತ್ತರವೇ ಇನ್ನೊಂದು ಸನ್ನೆ. ಹಡಗನ್ನು ಎತ್ತುವುದಿಲ್ಲ ನೋಡಿ, ಬರೀ ವಾಲಿಸೋದು. ಅಡಿಭಾರ ತೆಗೆದ ಮೇಲೆ ಅದರ ಹಟ ಅರ್ಧ ಇಳಿದಿರುತ್ತೆ.

ಕಂಬ ಮುರಿಯಲ್ವಾ ಅಂದ್ರಿ, ಮುರಿಯುತ್ತೆ, ಅದೇ ದೊಡ್ಡ ಭಯ. ಅದಕ್ಕೇ ಡೆಕ್ಕಿನ ಅಂಚಿನಿಂದ ಕಂಬಕ್ಕೆ ದಪ್ಪ ಮರದ ಊರೆ ಕೊಡ್ತಿದ್ದರು, ಎದುರು ಬದಿಯಲ್ಲಿ ಹೆಚ್ಚುವರಿ ಹಗ್ಗ ಬಿಗಿಯುತ್ತಿದ್ದರು. ಎರಡನೇ ಅಪಾಯ ನೀರು. ವಾಲಿದ ಬದಿಯ ತೋಪಿನ ಕಿಂಡಿಗಳು ನೀರಿನಡಿ ಹೋಗ್ತಾವೆ. ಅವನ್ನು ಹಲಗೆ ಬಡಿದು, ನಾರು ತುರುಕಿ, ರಾಳ ಹಾಕಿ ಮುಚ್ಚಿರಬೇಕು. ಪಂಪು ನಿಲ್ಲಿಸುವ ಹಾಗಿಲ್ಲ. ಮೂರನೆಯದು, ಹಡಗು ಒಂದು ಹಂತ ದಾಟಿದರೆ ತಾನೇ ಮಗುಚಿಕೊಳ್ಳಬಹುದು. ಅದಕ್ಕೆ ತಳದ ಅಡಿಯಿಂದ ಹಗ್ಗ ಹಾಯಿಸಿ ಹಿಡಿದಿರುತ್ತಿದ್ದರು, ಹಾಗೆ ಆಗದಂತೆ ತಡೆಯಲೂ ಅದೇ, ಕೆಲಸ ಮುಗಿದ ಮೇಲೆ ನೆಟ್ಟಗೆ ಮಾಡಲೂ ಅದೇ.

ಕೀಲ್, ಅಂದರೆ ತಳದ ಬೆನ್ನುದಿಮ್ಮಿ, ನೀರಿನಿಂದ ಮೇಲೆ ಬಂದ ಮೇಲೆ ಪಾಚಿಯನ್ನು ಸುಟ್ಟು ಕೆರೆದು, ಸಂದಿ ಮುಚ್ಚಿ, ತಗಡು ಬದಲಿಸೋದು. ಒಂದು ಬದಿ ಆಯ್ತು ಅಂದರೆ ಹಡಗನ್ನು ತಿರುಗಿಸಿ ನಿಲ್ಲಿಸಿ ಇನ್ನೊಂದು ಬದಿಗೆ ಮೊದಲಿನಿಂದ ಇದೇ ರಾಮಾಯಣ. ಮೂರು ಕ್ಯಾಪ್‌ಸ್ಟನ್ ಸಾಲಾಗಿ ಯಾಕಿವೆ ಅನ್ನೋದು ಈಗ ಹೊಳೆದಿರಬೇಕು. ಎಳೆತ ಒಂದೇ ಕಂಬದ ಮೇಲೆ ಬೀಳಬಾರದು, ಹಂಚಿಹೋಗಬೇಕು.

ಹಳೇಕಡತ

ನೆಲ್ಸನ್ ಪ್ರಶ್ನೆಗೆ ಉತ್ತರ, ಇಲ್ಲ. ಅಡ್ಮಿರಲ್ಸ್ ಹೌಸ್, ಅಂದರೆ ಈಗ ಮ್ಯೂಸಿಯಂ ಇರೋ ಕಟ್ಟಡ, 1855ರದ್ದು. ಅಷ್ಟೊತ್ತಿಗೆ ನೆಲ್ಸನ್ ಸತ್ತು 50 ವರ್ಷ. ಅವನು ಇಲ್ಲಿದ್ದದ್ದು 1784ರಿಂದ 1787ರವರೆಗೆ, 28 ತೋಪಿನ ಬೋರಿಯಾಸ್ ಹಡಗಿನ ಕ್ಯಾಪ್ಟನ್ ಆಗಿ. ಅಮೆರಿಕನ್ ಹಡಗುಗಳ ಜೊತೆಗಿನ ವ್ಯಾಪಾರವನ್ನು ನೌಕಾಯಾನ ಕಾಯ್ದೆ ಹಿಡಿದು ನಿಲ್ಲಿಸಹೊರಟ. ದ್ವೀಪದ ವ್ಯಾಪಾರಿಗಳು ಅವನ ಹೆಸರೆತ್ತಿದರೆ ಉರಿದುಬೀಳುತ್ತಿದ್ದರು. ಜಾಗ ಅವನಿಗೂ ಹಿಡಿಸಿರಲಿಲ್ಲ. 1787ರ ಮಾರ್ಚಿನಲ್ಲಿ ಮದುವೆ ಮಾಡಿಕೊಂಡದ್ದು ಪಕ್ಕದ ನೆವಿಸ್ ದ್ವೀಪದಲ್ಲಿ. ಯಾರ್ಡಿಗೆ ಅವನ ಹೆಸರು ಅಂಟಿದ್ದು 20ನೇ ಶತಮಾನದಲ್ಲಿ, ಜೀರ್ಣೋದ್ಧಾರದ ಹೊತ್ತಿಗೆ. 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಹೆಸರು "ಆಂಟಿಗಾ ನೌಕಾ ಡಾಕ್‌ಯಾರ್ಡ್ ಮತ್ತು ಸಂಬಂಧಿತ ಪುರಾತತ್ವ ತಾಣಗಳು". ಅಲ್ಲಿ ನೆಲ್ಸನ್ ಇಲ್ಲ. ಅದೇ ಸರಿಯಾದ ಹೆಸರು ಅನ್ನೋದು ನನ್ನ ಅಭಿಪ್ರಾಯ.

ಕ್ಲಾರೆನ್ಸ್ ಹೌಸ್ ಬಗ್ಗೆಯೂ ಇದೇ ಥರದ ಕಥೆ ಕೇಳ್ತೀರಿ. ಮುಂದೆ ನಾಲ್ಕನೇ ವಿಲಿಯಂ ದೊರೆಯಾದ ರಾಜಕುಮಾರ ಅಲ್ಲಿದ್ದ ಅಂತ. ಅವನು ನೆಲ್ಸನ್ ಕಾಲದಲ್ಲೇ ಬಂದು ಹೋದವನು. ಕಟ್ಟಡ 1804ರಿಂದ 1806ರ ನಡುವೆ ಯಾರ್ಡಿನ ಕಮಿಷನರಿಗಾಗಿ ಕಟ್ಟಿದ್ದು. ಲೆಕ್ಕ ಕೂಡಲ್ಲ.

ಕಟ್ಟಿದ್ದು ಯಾರು ಅನ್ನೋ ಪ್ರಶ್ನೆ ಇನ್ನೂ ಯಾರೂ ಕೇಳಿಲ್ಲ. ಯಾರ್ಡಿನ ಕಲ್ಲುಕೆಲಸ, ಬಡಗಿಕೆಲಸ, ಕಮ್ಮಾರಿಕೆ, ನಾರು ತುರುಕೋ ಕೆಲಸ, ಬಹುಪಾಲು ಗುಲಾಮರಾಗಿದ್ದ ಆಫ್ರಿಕನ್ನರದ್ದು. ಕೆಲವರು ತೋಟಗಳ ಮಾಲೀಕರಿಂದ ಬಂದವರು, ಕೆಲವರನ್ನು ನೌಕಾದಳವೇ ಕೊಂಡಿತ್ತು. ಕೂಲಿಯವರಲ್ಲ, ಪಳಗಿದ ಕಸುಬುದಾರರು. ಯುನೆಸ್ಕೊ ಮನ್ನಣೆಯಲ್ಲೂ ಅವರ ದುಡಿಮೆಯ ಉಲ್ಲೇಖ ಇದೆ. 1744ರ ಮಾರ್ಚ್ 8ರಂದು ಮದ್ದು ಸಿಡಿದು ಅವರಲ್ಲಿ 8 ಜನ ಸತ್ತರು. ಆ ದಿನದ ಹೆಸರನ್ನೇ ಇಟ್ಟುಕೊಂಡು, ಯಾರ್ಡಿನಲ್ಲಿ ದುಡಿದ ಗುಲಾಮರ ಹೆಸರುಗಳನ್ನು ಕಡತಗಳಿಂದ ಹೆಕ್ಕಿ ತೆಗೆಯೋ ಒಂದು ಯೋಜನೆ ಅಲ್ಲಿ ನಡೆದಿದೆ. ಮ್ಯೂಸಿಯಂನಲ್ಲಿ ಈ ಭಾಗಕ್ಕೆ ಸಮಯ ಕೊಡಿ. ಬೇಕಿದ್ದರೆ ಅಧಿಕಾರಿಗಳ ಭಾವಚಿತ್ರಗಳನ್ನು ಬಿಡಿ.

ಬಿಳಿಯ ನಾವಿಕರ ಗತಿಯೂ ಅಷ್ಟಕ್ಕಷ್ಟೆ. ನೌಕಾ ಆಸ್ಪತ್ರೆಯ ಸ್ಮಶಾನದ ಮೂಳೆಗಳನ್ನು ಪರೀಕ್ಷಿಸಿದಾಗ ಸೀಸದ ಪ್ರಮಾಣ ವಿಪರೀತ ಸಿಕ್ಕಿತು. ಅನುಮಾನ ಇರೋದು ರಮ್ ಮೇಲೆ, ಸೀಸದ ಭಾಗಗಳಿದ್ದ ಭಟ್ಟಿಯಲ್ಲಿ ಇಳಿಸಿದ್ದು.

ಇನ್ನೊಂದು ಮಾತು, ನೀರು. ಆಂಟಿಗಾದಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ. ಚಾವಣಿಯಿಂದ ಬಿದ್ದ ಮಳೆಯೇ ಹಡಗಿನ ಪೀಪಾಯಿಗೂ ಹೋಗಬೇಕು. 1821ರ ಅಧಿಕಾರಿಗಳ ವಸತಿ ಕಟ್ಟಡ ನಿಂತಿರೋದು 12 ನೀರಿನ ತೊಟ್ಟಿಗಳ ಮೇಲೆ. ಅದರ ಸೂರಿನ ಅಂಚು, ದೋಣಿ, ಕೊಳವೆ ಹೇಗೆ ಕೆಳಕ್ಕೆ ಇಳಿದಿವೆ ಅಂತ ನೋಡಿ. ಮೇಲೆ ಅಂದದ ವರಾಂಡ, ಕೆಳಗೆ ಜಲಾಶಯ.

ಉಗಿಹಡಗು ಬಂತು, ಕಬ್ಬಿಣದ ಹಡಗು ಬಂತು, ಈ ಇಕ್ಕಟ್ಟಿನ ಬಂದರಿಗೆ ಅವು ಹಿಡಿಸಲಿಲ್ಲ. 1889ರಲ್ಲಿ ನೌಕಾದಳ ಬೀಗ ಹಾಕಿತು. 1951ರಲ್ಲಿ ಜೀರ್ಣೋದ್ಧಾರ ಶುರುವಾಗಿ 1961ರಲ್ಲಿ ಮತ್ತೆ ತೆರೆಯಿತು. ಹೋಟೆಲ್ಲು, ಅಂಗಡಿ, ವಿಹಾರ ನೌಕೆಗಳೇ ಕಾಣ್ತಾವೆ ಅಂತ ಪಯಣಿಗ ಅವರು ಬೇಜಾರು ಮಾಡಿಕೊಂಡಿದ್ದರು. ಆ ನೌಕೆಗಳು ಇಲ್ಲದಿದ್ದರೆ ಈ ಗೋಡೆಗಳೂ ಉಳಿಯುತ್ತಿರಲಿಲ್ಲ. ಹಾಯಿ ಹೊಲಿಯೋರು, ಹಗ್ಗ ಕಟ್ಟೋರು ಈಗಲೂ ಅದೇ ಬಂದರಿನ ಸುತ್ತ ದುಡೀತಾರೆ.

ಲಂಗರು

ನಡುವೆ ನುಗ್ಗಿದ್ದಕ್ಕೆ ಕ್ಷಮಿಸಿ. ಗ್ವಾಡಲೂಪ್‌ನಿಂದ ಬಾಡಿಗೆ ಹಾಯಿದೋಣಿಯಲ್ಲಿ ನೇರ ಡಾಕ್‌ಯಾರ್ಡಿಗೇ ಬಂದು ಕಟ್ಟಬಹುದಾ?

ಉಪ್ಪುಗಾಳಿ

ಬರಬಹುದು, ಇಂಗ್ಲಿಷ್ ಹಾರ್ಬರ್ ದೇಶದೊಳಕ್ಕೆ ಬರೋ ಅಧಿಕೃತ ಬಂದರು. ಹಳದಿ ಬಾವುಟ ಏರಿಸಿ, ತಪಾಸಣೆ ಮುಗಿಯೋವರೆಗೆ ಕ್ಯಾಪ್ಟನ್ ಒಬ್ಬರೇ ದಡಕ್ಕೆ ಇಳಿಯಬೇಕು. ಕಸ್ಟಮ್ಸ್, ಇಮಿಗ್ರೇಷನ್ ಯಾರ್ಡಿನೊಳಗೇ ಇವೆ.

ಕಟ್ಟೆಗೆ ಹಿಂಭಾಗ ಕೊಟ್ಟು, ಮುಂದೆ ಲಂಗರು ಬಿಟ್ಟು ನಿಲ್ಲಿಸೋದು ಅಲ್ಲಿನ ಪದ್ಧತಿ. ಇಲ್ಲಿಯೇ ಎಡವಟ್ಟಾಗೋದು. ಚಂಡಮಾರುತದ ಸಮಯದಲ್ಲಿ ಹಡಗು ಕಟ್ಟೋಕೆ ಹಾಕಿದ್ದ ಹಳೇ ದಪ್ಪ ಸರಪಳಿ ಇನ್ನೂ ಬಂದರಿನ ತಳದಲ್ಲಿದೆ. ನಿಮ್ಮ ಲಂಗರು ಅದಕ್ಕೆ ಸಿಕ್ಕಿಕೊಂಡರೆ ವಿಂಚ್ ಎಳೆದಷ್ಟೂ ದೋಣಿಯ ಮೂತಿ ತಗ್ಗುತ್ತೆ ಹೊರತು ಲಂಗರು ಬರಲ್ಲ. ಬಿಡೋ ಮುಂಚೆಯೇ ಲಂಗರಿನ ತಲೆಗೆ ಒಂದು ಹಗ್ಗ, ಅದರ ತುದಿಗೆ ಸಣ್ಣ ತೇಲುಗುಂಡು ಕಟ್ಟಿ. ಸಿಕ್ಕಿಬಿದ್ದರೆ ಆ ಹಗ್ಗ ಹಿಡಿದು ಹಿಂದುಮುಂದಾಗಿ ಎಳೆದು ಬಿಡಿಸಬಹುದು. ಇಲ್ಲದಿದ್ದರೆ ಮುಳುಗುಗಾರರನ್ನು ಕರೆಸಬೇಕು. ಬಂದರಿನ ಬಾಯಲ್ಲಿರೋ ಫ್ರೀಮನ್ಸ್ ಬೇ ಕಡೆ ಲಂಗರು ಹಾಕೋದಾದರೆ ಪಕ್ಕದ ದೋಣಿಯಿಂದ ದೂರ ಹೆಚ್ಚು ಬಿಡಿ. ಗುಡ್ಡಕ್ಕೆ ತಾಗಿ ಗಾಳಿ ಸುಳಿ ಸುತ್ತುತ್ತೆ, ರಾತ್ರಿ ಒಂದೊಂದು ದೋಣಿ ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತೆ.

ಸೀಸನ್ ಡಿಸೆಂಬರಿನಿಂದ ಏಪ್ರಿಲ್. ಆಗಸ್ಟಿನಿಂದ ಅಕ್ಟೋಬರಿನವರೆಗೆ ಬಂದರೆ ಜಾಗ ಬೇಕಾದಷ್ಟು, ಆದರೆ ಅರ್ಧ ಹೋಟೆಲು ಮುಚ್ಚಿರುತ್ತೆ, ಮೇಲೆ ಚಂಡಮಾರುತದ ಕಾಲ.

ಪಯಣಿಗ_42

ಹೀಗೆ ಮಾಡಿದರೆ ಹೇಗೆ? ಎಂಟೂಮುಕ್ಕಾಲಿಗೆ ಟ್ಯಾಕ್ಸಿ, ಒಂಬತ್ತೂವರೆಗೆ ಯಾರ್ಡು, ನೇರ ಕೋಟೆ. ಹತ್ತೂಮುಕ್ಕಾಲಿಂದ ಒಂದೂವರೆ ತನಕ ಕಂಬ, ರಾಳದ ಉಗ್ರಾಣ, ಗರಗಸದ ಗುಂಡಿ, ಮ್ಯೂಸಿಯಂ, ತಾಮ್ರದ ಉಗ್ರಾಣ, ಕ್ಯಾಪ್‌ಸ್ಟನ್ನು, ಊಟ. ಆಮೇಲೆ ಶರ್ಲಿ ಹೈಟ್ಸ್, ಎರಡೂಮುಕ್ಕಾಲಿಗೆ ವಾಪಸ್.

ಕೋಟೆಕೊತ್ತಲ

ಸರಿಯಾಗಿದೆ, ಒಂದೇ ತಿದ್ದುಪಡಿ. ಹಡಗು 8ಕ್ಕೆ ತಾಗಿದರೂ ಇಳಿಯೋಕೆ ಬಿಡೋದು ಸ್ವಲ್ಪ ತಡ ಆಗಬಹುದು. ಒಂಬತ್ತೂವರೆ ದಾಟಿತು ಅಂದ್ರೆ ಕ್ರೂಸಿನ ಟೂರ್ ಬಸ್ಸುಗಳೂ ನಿಮ್ಮ ಜೊತೆಗೇ ಬರ್ತಾವೆ. ಅವರೆಲ್ಲ ಮೊದಲು ಮ್ಯೂಸಿಯಂಗೆ ನುಗ್ಗುತ್ತಾರೆ. ಕೋಟೆ ಕಡೆ ಆಗ ಬಹುತೇಕ ಯಾರೂ ಇರಲ್ಲ, ಹಾಗಾಗಿ ತಡವಾದರೂ ಕ್ರಮ ಬದಲಿಸಬೇಡಿ. ಹಿರಿಯರಿಬ್ಬರಿಗೆ ಕೋಟೆ ಬೇಡ ಅನಿಸಿದರೆ ಆ ಒಂದು ಗಂಟೆ ದೋಣಿಮನೆ ಕಂಬಗಳ ಪಕ್ಕ, ಅಡ್ಮಿರಲ್ಸ್ ಇನ್ನಿನ ನೆರಳಲ್ಲಿ ಕೂರಿಸಿ. ತಲೆಗೆ ಒಂದೊಂದು ಲೀಟರ್ ನೀರು ಟ್ಯಾಕ್ಸಿ ಹತ್ತೋ ಮುಂಚೆಯೇ ತಗೊಳ್ಳಿ, ಕೋಟೆ ದಾರಿಯಲ್ಲಿ ಏನೂ ಸಿಗಲ್ಲ.